ಸಾವಿಗೆ ಹೊಡೆದ ಎರಡು ಗುಂಡು

ಅಪ್ಪ ಎಲ್ಲಿ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನೀವು ತಲೆ ತಗ್ಗಿಸುತ್ತೀರಂತೆ. ನಿಮ್ಮ ಅಮ್ಮ ಹೇಳಿದಳು. ಎದುರು ಕೂತು ಹೇಳಲು ನಿಮ್ಮ ಈ ಅಜ್ಜಿಗೆ ಬಾರದು. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡದ್ದು ಕರಿಕೆಯ ಮನೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ. ಅಲ್ಲಿ ಮನೆಗಳು ದೂರ ದೂರ, ಗುಡ್ಡಕ್ಕೆ ಒಂದರಂತೆ. ಫೋನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಾವಾದರೆ ಆಕಾಶಕ್ಕೆ ಎರಡು ಗುಂಡು ಹೊಡೆಯುವುದು ನಮ್ಮ ಪದ್ಧತಿ. ಎರಡನೆಯದು ಕೇಳಿದ ಕೂಡಲೇ ಜನ ಒಲೆಯ ಮೇಲಿದ್ದದ್ದನ್ನು ಇಳಿಸಿಟ್ಟು ಹೊರಡುತ್ತಾರೆ. ನಿಮ್ಮ ಅಪ್ಪ ಅಜ್ಜನ ಕಣ್ಣು ಮುಚ್ಚಿಸಿ, ಗೋಡೆಯಿಂದ ಕೋವಿ ತೆಗೆದುಕೊಂಡು ಅಂಗಳಕ್ಕೆ ಇಳಿದ. ಅಳುತ್ತಲೇ ಹೊಡೆದ.

ಆ ವಾರ ಗಡಿಯ ಕಾಡಿನಲ್ಲಿ ಬಂದೂಕು ಹಿಡಿದು ಅಡಗಿದವರನ್ನು ಹುಡುಕಲು ಹೊರಗಿನಿಂದ ಪೊಲೀಸ್ ಪಡೆ ಬಂದಿತ್ತು. ಜೀಪಿಗೆ ಮೈಕ್ ಕಟ್ಟಿ, ಯಾರೂ ಗುಂಡು ಹೊಡೆಯಬಾರದು ಎಂದು ಸಾರಿದ್ದರು. ನಾವೆಲ್ಲ ಕೇಳಿದ್ದೆವು. ಹಂದಿಗೆ ಹೊಡೆಯಬಾರದು, ಆನೆ ಓಡಿಸಲು ಹೊಡೆಯಬಾರದು ಎಂದೇ ತಿಳಿದೆವು. ಸಾವಿನ ಗುಂಡೂ ಅದರಲ್ಲಿ ಸೇರುತ್ತದೆ ಎಂದು ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೆಣದ ತಲೆಯ ಹತ್ತಿರ ದೀಪ ಇಡಬೇಡಿ ಎಂದು ಯಾರಾದರೂ ಹೇಳುತ್ತಾರೆಯೇ? ನಮಗೆ ಅದೂ ಇದೂ ಒಂದೇ.

ನೆಂಟರಿಗಿಂತ ಮೊದಲು ಪಡೆ ಬಂತು.

"ಯಾರಿಗೆ ಸಿಗ್ನಲ್ ಕೊಟ್ಟೆಯೋ?" ಎಂದು ಒಬ್ಬ ಕೇಳಿದ.

"ಸಿಗ್ನಲ್ ಅಲ್ಲ ಸಾರ್. ಅಪ್ಪ ಹೋದ್ರು. ಒಳಗೆ ನೋಡಿ," ಎಂದ ನಿಮ್ಮ ಅಪ್ಪ.

ಅವರಲ್ಲೊಬ್ಬ ಬೂಟು ಕಳಚಿ ಒಳಗೆ ಬಂದು ನೋಡಿದ. ಕೈ ಮುಗಿದ. ಆದರೂ ನಿಮ್ಮ ಅಪ್ಪನನ್ನು ಕರೆದುಕೊಂಡು ಹೋದರು. ಅದಕ್ಕೆ ಇನ್ನೊಂದು ಕಾರಣವಿತ್ತು. ಸ್ವಲ್ಪ ದಿನದ ಹಿಂದೆ ಕಾಡಿನಿಂದ ಅಪರಿಚಿತರು ಬಂದು ಅಕ್ಕಿ ಕೇಳಿದ್ದರು. ಹೆಗಲಲ್ಲಿ ಬಂದೂಕಿತ್ತು. ನಿಮ್ಮ ಅಪ್ಪ ಕೊಟ್ಟಿದ್ದ. ಅದನ್ನು ಯಾರೋ ಪೊಲೀಸರ ಕಿವಿಗೆ ಹಾಕಿದ್ದರು. ಅಕ್ಕಿಯನ್ನೂ ಎರಡು ಗುಂಡನ್ನೂ ಸೇರಿಸಿ ಭಯೋತ್ಪಾದನೆ ತಡೆಯುವ ಕಾನೂನಿನಲ್ಲಿ ಕೇಸು ಮಾಡಿದರು. ಮರುದಿನ ಅಜ್ಜನ ಚಿತೆಗೆ ಬೆಂಕಿ ಇಟ್ಟದ್ದು ನಿಮ್ಮ ಚಿಕ್ಕಜ್ಜ.

ಆಮೇಲೆ ನೀವು ಅಮ್ಮನ ತವರಿಗೆ ಹೋದಿರಿ. ನಾನು ಮಾದಾಪುರಕ್ಕೆ, ನನ್ನ ನಾದಿನಿಯ ಹತ್ತಿರ ಬಂದೆ. ಅವಳು ಎಸ್ಟೇಟಿನ ಬಂಗಲೆಯಲ್ಲಿ ಅಡಿಗೆಯವಳು. ಬಂಗಲೆ ಈಗ ಹೋಂಸ್ಟೇ. ಒಮ್ಮೆ ಅಲ್ಲಿಗೆ ಹೊರಗಿನಿಂದ ದೊಡ್ಡವರು ಬಂದರು. ವಕೀಲರು, ಕಾನೂನು ಕಲಿಸುವ ಒಬ್ಬ ಮೇಡಂ, ನಿವೃತ್ತ ಪೊಲೀಸ್ ಅಧಿಕಾರಿ. ದೇಶದ ರಕ್ಷಣೆಯ ಕಾನೂನಿನ ಬಗ್ಗೆ ವರಾಂಡದಲ್ಲಿ ಕೂತು ಚರ್ಚೆ. ಹೆಚ್ಚಾಗಿ ಇಂಗ್ಲಿಷು. ಜಗಳ ಜೋರಾದರೆ ಕನ್ನಡ.

"ಮೇಡಂ, ನಿಮ್ಮ ಪುಸ್ತಕದ ಕಾಡಲ್ಲಿ ಜಿಗಣೆನೇ ಇಲ್ಲ," ಎಂದರು ಅಧಿಕಾರಿ.

"ನಿಮ್ಮ ಕಾಡಲ್ಲಿ ಮನುಷ್ಯರೇ ಇಲ್ಲವಲ್ಲ ಸಾರ್. ಬರೀ ಆರೋಪಿಗಳು," ಎಂದರು ಆಕೆ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

ಬೇಲ್ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ನಿಮ್ಮ ಅಪ್ಪನ ಬೇಲ್ ಅರ್ಜಿ ಆಗ ಮಡಿಕೇರಿಯ ವಕೀಲರ ಕೈಯಲ್ಲಿತ್ತು. ಸಿಗುತ್ತದೋ ಇಲ್ಲವೋ ಎಂದು ಅವರು ಬಾಯಿ ಬಿಡುತ್ತಿರಲಿಲ್ಲ.

"ಅತ್ತಿಗೆ, ಅವು ಮಾತಾಡುದು ಅದೇ ಕಾನೂನು. ಹೋಗಿ ಕೇಳು," ಎಂದಳು ನಾದಿನಿ.

"ನಂಗೆ ಆಗದು."

"ನೀ ಎಂತ ಹೊಸ ಮದುಮಗಳಾ? ನಾಳೆ ಅವು ಕಾರು ಹತ್ತಿ ಹೋದ ಮೇಲೆ ಈ ಒಲೆನ ಕೇಳ್ವೆಯಾ?" ಎಂದು ಕಾಫಿಯ ತಟ್ಟೆಯನ್ನು ನನ್ನ ಕೈಗೆ ತುರುಕಿದಳು.

ನಾನು ಒಬ್ಬೊಬ್ಬರಿಗೂ ಲೋಟ ಕೊಡುತ್ತಾ ಹೋದೆ. ನಿಮ್ಮ ಅಜ್ಜನ ಎದುರೂ ನಾನು ಗಟ್ಟಿಯಾಗಿ ಮಾತಾಡಿದವಳಲ್ಲ. ಕೊನೆಯ ಲೋಟ ಮೇಡಂ ಕೈಗೆ ಕೊಟ್ಟು, ಅಲ್ಲೇ ನಿಂತು, ನೆಲ ನೋಡುತ್ತಾ ಹೇಳಿದೆ. ಅಕ್ಕಿಯನ್ನೂ ಹೇಳಿದೆ, ಗುಂಡನ್ನೂ ಹೇಳಿದೆ. ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಉತ್ತರ ಕೇಳಿ ಏನು ಪ್ರಯೋಜನ?

"ಎರಡೇ ಗುಂಡಾ?" ಎಂದು ಅಧಿಕಾರಿ ಕೇಳಿದರು.

"ಹೌದು ಸಾರ್. ಸಾವಿಗೆ."

"ಗೊತ್ತಮ್ಮ. ನಾನು ಈ ಜಿಲ್ಲೆಯಲ್ಲಿ ಕೆಲಸ ಮಾಡಿದೀನಿ. ಹೊರಗಿಂದ ಬಂದ ಹುಡುಗರಿಗೆ ಗೊತ್ತಿರಲ್ಲ."

ನನ್ನ ಎದೆ ಒಮ್ಮೆಗೆ ಹಗುರಾಯಿತು. "ಹಾಗಾದ್ರೆ ಕೋರ್ಟಿಗೆ ನೀವು ಹೇಳಿ ಸಾರ್," ಎಂದೆ.

ಅವರು ಲೋಟ ಕೆಳಗಿಟ್ಟರು. "ನಾನು ರಿಟೈರಾದವನು. ಆ ಕೇಸಲ್ಲಿ ನಾನು ಯಾರೂ ಅಲ್ಲ. ಇನ್ನೊಂದು ಮಾತು. ಹೀಗೇ ಒಂದು ಕಾಡಲ್ಲಿ ನನ್ನ ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಸತ್ತ. ಅವನನ್ನು ಕೊಂದವರಿಗೂ ಯಾರೋ ಅನ್ನ ಹಾಕಿದ್ರು. ಹೆದರಿಕೊಂಡೇ ಹಾಕಿದ್ರು ಅಂತ ಇಟ್ಕೊಳ್ಳಿ. ಅವನ ತಾಯಿಗೆ ನಾನು ಏನು ಹೇಳ್ಲಿ?"

ಆ ತಾಯಿ ಎಲ್ಲಿಯವಳೋ, ಆಗಾಗ ನೆನಪಾಗುತ್ತಾಳೆ.

ಮೇಡಂ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಅಮ್ಮ, ಸುಳ್ಳು ಆಸೆ ಕೊಡಲ್ಲ. ಬೇರೆ ಕೇಸಾದ್ರೆ ಬೇಲ್ ಕೇಳೋದು ಸುಲಭ. ಈ ಕಾನೂನಲ್ಲಿ ಪೊಲೀಸರು ಬರೆದದ್ದನ್ನು ಜಡ್ಜ್ ಓದ್ತಾರೆ. ಮೇಲ್ನೋಟಕ್ಕೆ ನಿಜ ಅನ್ನಿಸಿದ್ರೆ ಬೇಲ್ ಕೊಡೋ ಹಾಗಿಲ್ಲ. ಸಾವಿನ ಗುಂಡು ಅಂತ ನೀವು ತೋರಿಸಬೇಕಾದ್ದು ವಿಚಾರಣೆಯಲ್ಲಿ."

"ವಿಚಾರಣೆ ಯಾವಾಗ?"

ಮೇಡಂ ಅಧಿಕಾರಿಯ ಕಡೆ ನೋಡಿದರು. ವಕೀಲರೊಬ್ಬರು ಕಾಫಿ ಗಿಡಗಳ ಕಡೆ ನೋಡುತ್ತಾ ಕೂತರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಬಂದೆ.

"ಎಂತ ಹೇಳ್ದೊ?" ಎಂದಳು ನಾದಿನಿ. ನಾನು ಲೋಟ ತೊಳೆಯತೊಡಗಿದೆ. ಹೊರಗೆ ಇಂಗ್ಲಿಷಿನಲ್ಲಿ ಮಾತು ಮತ್ತೆ ಏರಿತು. ಕಿಟಕಿಯಿಂದ ನೋಡಿದರೆ ಮೇಡಂ ಎರಡು ಬೆರಳು ಎತ್ತಿ ಹಿಡಿದಿದ್ದರು. ಅಧಿಕಾರಿ ತಲೆ ಅಲ್ಲಾಡಿಸುತ್ತಿದ್ದರು. ನಮ್ಮ ಮನೆಯ ಸಾವು ಅವರ ಚರ್ಚೆಗೆ ಒಂದು ಉದಾಹರಣೆಯಾಗಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊರಡುವಾಗ ಮೇಡಂ ಒಳಗೆ ಬಂದು ನನ್ನ ಒದ್ದೆ ಕೈಯನ್ನು ಹಿಡಿದುಕೊಂಡರು.

ಬೇಲ್ ಸಿಗಲಿಲ್ಲ. ಮೇಡಂ ಹೇಳಿದ ಕಾರಣವೇ. ವಿಚಾರಣೆ ಇನ್ನೂ ಶುರುವಾಗಿಲ್ಲ. ಕೋವಿ ಕೋರ್ಟಿನ ವಶದಲ್ಲಿದೆ.

ಆಮೇಲೆ ಜೈಲಿಗೆ ಹೋದಾಗ ನಿಮ್ಮ ಅಪ್ಪ ಬೇಲಿನ ಸುದ್ದಿ ಎತ್ತಲೇ ಇಲ್ಲ. "ಅಮ್ಮ, ಗುಂಡು ಊರಿಗೆ ಕೇಳಿತಾ? ಜನ ಬಂದ್ರಾ?" ಎಂದ. ಅದನ್ನು ಅಷ್ಟು ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ.

"ಬಂದ್ರು ಮಗ. ಪೊಲೀಸರು ತಡೆದ್ರೂ ರಸ್ತೆಯಲ್ಲೇ ಕೂತ್ರು. ಬೆಳಗ್ಗೆ ಎಲ್ಲರೂ ಹೆಗಲು ಕೊಟ್ರು," ಎಂದೆ. ಅದು ನಿಜ. ಅವನು ತಲೆಯಾಡಿಸಿದ, ಗಾಜಿನ ಆಚೆ ಮುಖ ಮುಚ್ಚಿಕೊಂಡ.

ಈಗ ಕರಿಕೆಯಲ್ಲಿ ಸಾವಾದರೆ ಕೋವಿ ಹೊಡೆಯಲು ಯಾರಿಗೂ ಧೈರ್ಯವಿಲ್ಲ. ಯಾರಾದರೂ ಬೈಕಿನಲ್ಲಿ ಮನೆ ಮನೆಗೆ ಹೋಗಿ ಹೇಳುತ್ತಾರೆ. ಮೊನ್ನೆ ಒಬ್ಬಾಕೆಯ ಸಾವಿಗೆ ಅರ್ಧ ಜನ ಬರುವಾಗ ಚಿತೆ ಉರಿದುಹೋಗಿತ್ತು.

ಮಕ್ಕಳೇ, ಅಪ್ಪ ಎಲ್ಲಿ ಎಂದು ಇನ್ನು ಯಾರಾದರೂ ಕೇಳಿದರೆ, ಅಜ್ಜನ ಸಾವಿಗೆ ಗುಂಡು ಹೊಡೆದದ್ದಕ್ಕೆ ಜೈಲಿನಲ್ಲಿದ್ದಾರೆ ಎನ್ನಿ. ಅಕ್ಕಿಯ ವಿಷಯವನ್ನೂ ಹೇಳಿ. ತಲೆ ತಗ್ಗಿಸಬೇಡಿ. ನಾನು ತೀರಿಕೊಂಡಾಗ ನಿಮ್ಮ ಅಪ್ಪ ಮನೆಯಲ್ಲಿದ್ದರೆ ಅವನೇ ಹೊಡೆಯಲಿ. ಇಲ್ಲದಿದ್ದರೆ ಬೇಡ. ನೀವು ಯಾರೂ ಕೋವಿ ಮುಟ್ಟಬೇಡಿ. ಬೈಕಿನಲ್ಲಿ ಹೋಗಿ ಹೇಳಿ, ಬಂದಷ್ಟು ಜನ ಸಾಕು.