ಹಲ್ಲಿಯ ಊಟಕ್ಕೆ ಬಿಳಿ ಪುಡಿ

ಅಕ್ಕಿಯಲ್ಲಿ ಹುಳು ಕಂಡರೆ ಪದ್ಮಕ್ಕ ಹುಳುವನ್ನು ಬೈದವಳಲ್ಲ, ಅಕ್ಕಿ ಇಟ್ಟವನನ್ನು ಬೈದವಳು. ಗಂಡ ಜನಾರ್ದನ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಗಣಪತಿ ರಾಯರ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆಯೇ ಆಯುಷ್ಯ ಕಳೆದು ತೀರಿಕೊಂಡಿದ್ದ. ಆ ಮೇಲೆ ರಾಯರು ಅವಳನ್ನು ತಮ್ಮ ಫ್ಲ್ಯಾಟಿಗೆ ಕರೆತಂದು ದಿನಸಿ ಕೋಣೆ ಒಪ್ಪಿಸಿದರು. ಇಪ್ಪತ್ತಾರು ವರ್ಷ ಮೊರದ ಮುಂದೆ ಕೂತವಳು. ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದು ಅವಳ ರೂಢಿಯಲ್ಲ. ಎರಡು ಬೆರಳ ನಡುವೆ ತಿಕ್ಕಿದರೆ ಸಾಕು, ಮೈದಾ ಯಾವುದು, ಅಕ್ಕಿ ಹಿಟ್ಟು ಯಾವುದು, ಯಾವಾಗ ಬೀಸಿದ್ದು ಎಂಬುದೆಲ್ಲ ಗೊತ್ತಾಗುತ್ತಿತ್ತು.

ರಾಯರ ಮಗ ಸುಧೀರನ ಬಗ್ಗೆ ಅವಳಿಗಿದ್ದ ತಾತ್ಸಾರ ಹೊಸತಲ್ಲ. ಬಿ.ಕಾಂ. ಮುಗಿಸಿ ಹೋಟೆಲಿನ ಗಲ್ಲೆಯಲ್ಲಿ ಕೂತವನು, ಮೊಬೈಲು ನೋಡಿಕೊಂಡು ಸಾರಿಗೆ ಎಷ್ಟು ಉಪ್ಪು ಎಂದು ಅಡುಗೆ ಭಟ್ಟರಿಗೆ ಹೇಳುತ್ತಿದ್ದ. ಆದರೂ ಅವನು ಮಗಳು ಮನಸ್ವಿನಿಯ ಹುಟ್ಟುಹಬ್ಬಕ್ಕೆ ಗಾಜಿನ ಪೆಟ್ಟಿಗೆ ಹೊತ್ತುಕೊಂಡು ಬಂದಾಗ ಪದ್ಮಕ್ಕ ಕನ್ನಡಕ ಏರಿಸಿ ಎರಡು ಸಲ ನೋಡಬೇಕಾಯಿತು.

"ಎಂತದು ಮಾರಾಯ ಇದು?"

"ಗೆಕ್ಕೊ, ಪದ್ಮಕ್ಕ. ಲೆಪರ್ಡ್ ಗೆಕ್ಕೊ."

"ಹಲ್ಲಿ ಅಂತ ಹೇಳು. ಅಡುಗೆಮನೆ ಗೋಡೆಯಲ್ಲಿ ಹಲ್ಲಿ ಕಂಡರೆ ನಿನ್ನ ಅಪ್ಪ ಕೆಳಗಿದ್ದ ಸಾಂಬಾರು ಅಷ್ಟನ್ನೂ ಚೆಲ್ಲಿಸುತ್ತಿದ್ದರು. ನೀನು ಅದಕ್ಕೆ ಲೈಟು ಹಾಕಿ ಮನೆ ಕಟ್ಟಿಸಿದ್ದಿ."

ಹಳದಿ ಮೈ, ಮೇಲೆ ಕಪ್ಪು ಚುಕ್ಕೆ. ಮಗು ಅದಕ್ಕೆ ಗುಜರಾತಿನ ಹಳದಿ ತಿಂಡಿಯ ಹೆಸರನ್ನೇ ಇಟ್ಟಳು, ಢೋಕ್ಳಾ ಎಂದು. ಅದರ ಊಟ ಕೊರಿಯರಿನಲ್ಲಿ ಬಂತು. ಸುಧೀರ ಡಬ್ಬಿಯ ಮುಚ್ಚಳ ತೆಗೆದದ್ದೇ ಪದ್ಮಕ್ಕನಿಗೆ ನಗು ತಡೆಯಲಾಗಲಿಲ್ಲ. ಒಳಗೆ ಇದ್ದದ್ದು ತವುಡಿನಲ್ಲಿ ಹೊರಳಾಡುವ ಹಿಟ್ಟಿನ ಹುಳುಗಳು. ಅವಳು ಇಪ್ಪತ್ತಾರು ವರ್ಷ ಹೆಕ್ಕಿ ಹೆಕ್ಕಿ ಬಿಸಾಡಿದ್ದನ್ನು ಇವನು ಸಹಿ ಮಾಡಿ ತೆಗೆದುಕೊಂಡಿದ್ದ.

ನಿಯಮಗಳನ್ನು ಸುಧೀರ ಮೊಬೈಲಿನಿಂದ ಗಟ್ಟಿಯಾಗಿ ಓದಿದ. ಹುಳುವಿನ ದಪ್ಪ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಕೊಡುವ ಹಿಂದಿನ ದಿನ ಹುಳುವಿಗೆ ಕ್ಯಾರೆಟ್ ತಿನ್ನಿಸಬೇಕು, ಹುಳುವಿನ ಹೊಟ್ಟೆಯಲ್ಲಿದ್ದದ್ದೇ ಹಲ್ಲಿಗೆ ಸೇರುವುದು. ಮೇಲೆ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಹೊರಳಿಸಬೇಕು. ತಿನ್ನದೆ ಉಳಿದ ಹುಳುವನ್ನು ಪೆಟ್ಟಿಗೆಯಲ್ಲಿ ಬಿಡಬಾರದು, ಮಲಗಿದ ಹಲ್ಲಿಯನ್ನೇ ಕಚ್ಚುತ್ತದೆ. ಓದಿದವನು ಮರೆತ. ಮೊರದಲ್ಲಿ ಅಕ್ಕಿ ಕೇರುತ್ತಾ ಕೇಳಿಸಿಕೊಂಡವಳಿಗೆ ಒಂದಕ್ಷರ ತಪ್ಪದೆ ನೆನಪುಳಿಯಿತು. ಸುಧೀರ ಕೈಗೆ ಬಂದಷ್ಟು ಹುಳು ಸುರಿದು ಹೋಟೆಲಿಗೆ ಹೋಗಿಬಿಡುತ್ತಿದ್ದ.

ಪುಡಿಯ ಬಾಟಲಿಯ ಮುಚ್ಚಳ ಒಡೆದಾಗ ಅವನು ಹೋಟೆಲಿನವರ ಪದ್ಧತಿಯಂತೆ ಅದನ್ನೊಂದು ಸ್ಟೀಲು ಡಬ್ಬಿಗೆ ಸುರಿದು ದಿನಸಿ ಕೋಣೆಯಲ್ಲಿಟ್ಟ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಡಬ್ಬಿ ಇತ್ತು. ಚೀಟಿ ಎರಡಕ್ಕೂ ಇಲ್ಲ.

ಬುಧವಾರ ಸಂಜೆ ಮಗು ಅಳುತ್ತಾ ಬಂದಳು. "ಅಜ್ಜೀ, ಢೋಕ್ಳಾ ಕುಛ್ ನಹೀಂ ಖಾತಾ. ಅವನು ಏನೂ ತಿನ್ನೋದಿಲ್ಲ, ಎದ್ದೇಳೋದಿಲ್ಲ. ಮರ್ ಜಾಯೇಗಾ ಕ್ಯಾ, ಸತ್ತುಹೋಗ್ತಾನಾ?"

ಹಲ್ಲಿ ಮೂಲೆಯಲ್ಲಿ ಹೊಟ್ಟೆ ನೆಲಕ್ಕಂಟಿಸಿ ಬಿದ್ದಿತ್ತು. ಭಾನುವಾರ ಎರಡು ಹುಳು ತಿಂದದ್ದೇ ಕೊನೆ. ಸುಧೀರ ಬಟ್ಟಲಲ್ಲಿ ದಪ್ಪ ದಪ್ಪ ಹುಳುಗಳನ್ನು ಹಾಕಿ ಬಿಳಿ ಪುಡಿಯಲ್ಲಿ ಹೊರಳಿಸುತ್ತಿದ್ದ.

"ವೀಕ್‌ನೆಸ್ ಪದ್ಮಕ್ಕ. ಇವತ್ತು ಡಬಲ್ ಕ್ಯಾಲ್ಸಿಯಂ ಹಾಕಿ ಬಾಯಿ ತೆರೆಸಿ ಕೊಡುತ್ತೇನೆ."

ಪದ್ಮಕ್ಕ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಪೆಟ್ಟಿಗೆಯೊಳಗಿನ ತಟ್ಟೆ ನೋಡುತ್ತಿದ್ದಳು. ಭಾನುವಾರ ಹಲ್ಲಿ ಬಿಟ್ಟ ಹುಳುಗಳು ಅಲ್ಲೇ ಇದ್ದವು. ಒಂದೂ ಅಲುಗಲಿಲ್ಲ.

"ಹಲ್ಲಿ ಹಾಗಿರಲಿ. ಹುಳು ಎಂತಕ್ಕೆ ಸತ್ತಿತು?"

"ಹುಳು ಸತ್ತರೆ ಏನೀಗ?"

"ಈ ಜಾತಿ ಹುಳು ಹಿಟ್ಟಿನೊಳಗೆ ತಿಂಗಳುಗಟ್ಟಲೆ ಬದುಕುತ್ತದೆ ಮಾರಾಯ. ಮೂರು ದಿನಕ್ಕೆ ಸಾಯುವುದಿಲ್ಲ. ಆ ಬಟ್ಟಲು ಇಲ್ಲಿ ಕೊಡು."

"ನಿಮಗೆ ಇದೆಲ್ಲ ಗೊತ್ತಾಗುವುದಿಲ್ಲ..."

"ಕೊಡು ಅಂದೆ."

ಚಿಟಿಕೆ ಪುಡಿ ತೆಗೆದು ತಿಕ್ಕಿದಳು. ಕ್ಯಾಲ್ಸಿಯಂ ಪುಡಿಯನ್ನು ಡಬ್ಬಿಗೆ ಸುರಿದ ದಿನವೇ ಅವಳು ಅದನ್ನು ಮುಟ್ಟಿ ನೋಡಿದ್ದಳು. ಸೀಮೆಸುಣ್ಣದ ಹಾಗೆ ಬೆರಳಿಗೆ ಹಿಡಿಯುತ್ತಿತ್ತು. ಇದು ಜಾರಿತು. ಕೇರಂ ಬೋರ್ಡಿನ ಮೇಲೆ ಕಾಯಿ ಜಾರುವ ಹಾಗೆ. ವರ್ಷಕ್ಕೊಮ್ಮೆ ಅಕ್ಕಿ ತುಂಬಿಸುವಾಗ ಹುಳು ಹಿಡಿಯಬಾರದೆಂದು ಅಕ್ಕಪಕ್ಕದ ಫ್ಲ್ಯಾಟುಗಳ ಗುಜರಾತಿ ಹೆಂಗಸರ ಜೊತೆ ಕೂತು ಅವಳೇ ಕೈಯಾರೆ ಅಕ್ಕಿಗೆ ತಿಕ್ಕುವ ಪುಡಿ.

"ಇದು ಬೋರಿಕ್ ಪೌಡರ್. ಹುಳ ಕೊಲ್ಲುವುದಕ್ಕೆ ಇಟ್ಟದ್ದನ್ನು ಹುಳಕ್ಕೆ ಮೆತ್ತಿ ಹಲ್ಲಿಗೆ ಉಣ್ಣಿಸುತ್ತಿದ್ದಿ."

ಸುಧೀರನ ಮುಖ ಬಿಳಿಚಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಅಕ್ಕಿಗೆ ಹಾಕಿ ನಾವೇ ತಿನ್ನುತ್ತೇವಲ್ಲ?"

"ನಾವು ನಾಲ್ಕು ನೀರಲ್ಲಿ ತೊಳೆದು ತಿನ್ನುತ್ತೇವೆ. ನಿನ್ನ ಹಲ್ಲಿ ಹುಳ ತೊಳೆದು ತಿನ್ನುತ್ತದಾ? ಬಿ.ಕಾಂ. ಅಂತೆ! ಏಳು, ಡಾಕ್ಟರ ಹತ್ತಿರ ಹೋಗು. ಪುಡಿಯನ್ನೂ ಕಟ್ಟಿಕೊಂಡು ಹೋಗು, ಬಾಯಲ್ಲಿ ವಿವರಿಸಲು ಹೋಗಬೇಡ, ಅದನ್ನೂ ತಪ್ಪು ಹೇಳುತ್ತಿ."

ಪ್ರಾಣಿಗಳ ಡಾಕ್ಟರು ಔಷಧ ಹಾಕಿ, ಹೊಟ್ಟೆಗೆ ನೀರು ಸೇರಿಸಿ, ಇನ್ನೊಂದು ಹೊತ್ತು ಇದೇ ಪುಡಿ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಮನೆಗೆ ಬಂದ ಸುಧೀರ ಹೆಂಡತಿ ನಮಿತಾಳಿಗೆ ಹೇಳಿದ್ದು ಬೇರೆ: "ಎರಡು ಡಬ್ಬಿ ಒಂದೇ ಥರ ಮಾಡುತ್ತಾರೆ ನೋಡು, ಮಾಡುವವರಿಗೆ ಬುದ್ಧಿ ಬೇಡವಾ?" ಒಳಗೆ ಬೇಳೆ ಆರಿಸುತ್ತಿದ್ದ ಪದ್ಮಕ್ಕನಿಗೆ ಕೇಳಿಸಿತು. ಆ ಮಾತಿಗೆ ಸಿಟ್ಟು ಮಾಡುವುದೂ ದಂಡ ಎಂದು ಅವಳು ತಲೆ ಎತ್ತಲಿಲ್ಲ.

ಅವತ್ತೇ ಕ್ಯಾಲ್ಸಿಯಂ ಡಬ್ಬಿಗೆ ಕೆಂಪು ದಾರ ಸುತ್ತಿ ಬೇರೆ ಕಪಾಟಿಗೆ ಸೇರಿಸಿದಳು. ಬೋರಿಕ್ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

ಒಂಬತ್ತನೇ ದಿನ ಹಲ್ಲಿ ತಲೆ ಎತ್ತಿತು. ಪದ್ಮಕ್ಕ ಮೊರದಲ್ಲಿ ಹುಳು ಹರಡಿ ಸಣ್ಣವನ್ನು ಆರಿಸಿದಳು. ಒಂದೊಂದನ್ನೂ ಗಾಜಿಗೆ ಹಿಡಿದು ಹಲ್ಲಿಯ ಕಣ್ಣಿನ ಅಂತರಕ್ಕೆ ಅಳೆದಳು. ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ ಹೊರಳಿಸಿದಳು. ಚಿಮಟದಲ್ಲಿ ಹಿಡಿದು ಒಳಗೆ ಚಾಚಿದಳು. ಹಲ್ಲಿ ಬಾಲ ಅಲ್ಲಾಡಿಸಿ, ಸುಮ್ಮನೆ ದಿಟ್ಟಿಸಿ, ಲಬಕ್ಕನೆ ಹಿಡಿಯಿತು. ಮನಸ್ವಿನಿ ಕುಣಿದಳು.

"ಪದ್ಮಕ್ಕ, ನಾನೊಂದು ಕೊಡಲಾ?" ಎಂದು ಸುಧೀರ ಕೈ ಮುಂದೆ ಮಾಡಿದ.

"ನೀನು ಗಲ್ಲೆಯಲ್ಲಿ ಕೂತುಕೋ ಹೋಗು. ಚಿಮಟ ಮಗುವಿಗೆ ಕೊಡುತ್ತೇನೆ, ಅವಳಿಗೆ ಹೇಳಿದ್ದು ತಲೆಗೆ ಹೋಗುತ್ತದೆ."

ಐದರಲ್ಲಿ ನಾಲ್ಕು ಹೋದವು. ಉಳಿದ ಒಂದನ್ನು ಪದ್ಮಕ್ಕ ಹೆಕ್ಕಿ ಹೊರಗೆ ತೆಗೆದಳು. ಆಮೇಲೆ ಹಲ್ಲಿಯ ಕಡೆ ತಿರುಗಿ, "ನಿನಗೆ ಬೇರೆ ಮನೆ ಸಿಗಲಿಲ್ಲವಾ?" ಎಂದು ಹೇಳಿ ಕೈ ತೊಳೆಯಲು ಎದ್ದಳು.