ಒಂಬತ್ತು ಜನರ ಟ್ಯಾಂಕು

ಚಿಕ್ಕಬಾಣಾವರ ಆಗಿನ್ನೂ ಬೆಂಗಳೂರಾಗಿರಲಿಲ್ಲ. ಪೇಟೆಗೆ ಹೊರಟವರು ‘ಬೆಂಗಳೂರಿಗೆ ಹೋಗಿ ಬರ್ತೀವಿ’ ಎಂದು ಹೇಳಿಯೇ ರೈಲು ಹತ್ತುತ್ತಿದ್ದರು. ನಮ್ಮ ಬೀದಿಯಲ್ಲಿ ಬಾವಿ ಇದ್ದ ಮನೆಗಳು ಐದಾರಿದ್ದವು, ನಮ್ಮದೂ ಒಂದು. ತಾತ ತೋಟಕ್ಕೆಂದು ತೋಡಿಸಿ ಕಲ್ಲು ಕಟ್ಟಿಸಿದ್ದ ಬಾವಿ ಅದು. ತೋಟ ಸೈಟುಗಳಾಗಿ ಹಂಚಿಹೋದ ಮೇಲೂ ಬಾವಿ ಮಾತ್ರ ನಮ್ಮ ಹಿತ್ತಲಲ್ಲಿ ಉಳಿದುಕೊಂಡಿತ್ತು. ಅದರ ಒಂದು ಬದಿಗೆ ನಮ್ಮ ಹೆಂಚಿನ ಮನೆ, ಇನ್ನೊಂದು ಬದಿಗೆ ಎರಡು ಕೋಣೆಯ ಶೀಟಿನ ಮನೆ. ಆ ಶೀಟಿನ ಮನೆಯಲ್ಲಿ ಧಾರವಾಡದ ಕಡೆಯವರು ಬಾಡಿಗೆಗಿದ್ದರು.

ಆ ಮನೆಯ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರ ಹೆಂಡತಿಯನ್ನು ನಾನು ‘ಕಾಕು’ ಎನ್ನುತ್ತಿದ್ದೆ. ಬೀದಿಯ ಉಳಿದ ಹೆಂಗಸರೆಲ್ಲ ನನಗೆ ಆಂಟಿಯರು. ಇವರನ್ನು ಮಾತ್ರ, ಅವರ ಕಡೆ ಚಿಕ್ಕಮ್ಮನಿಗೆ ಅನ್ನುವಂತೆ, ‘ಕಾಕು’ ಎಂದೇ ಕರೆಯಬೇಕೆಂದು ತಿದ್ದಿದವಳು ಅವರ ಮಗಳು ಗಿರಿಜಾ. ನಾವಿಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ಅವಳಿಗೆ ಆಗಷ್ಟೇ ನಡೆಯಲು ಕಲಿತಿದ್ದ ಒಬ್ಬ ತಮ್ಮ. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು, ನನ್ನ ತಮ್ಮ.

ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಎರಡು ಸದ್ದು: ಬಾವಿಯ ರಾಟೆಯ ಕಿರ್ರೆನ್ನುವ ಸದ್ದು, ಕಾಕು ರೊಟ್ಟಿ ಬಡಿಯುವ ಸದ್ದು. ಕಣ್ಣು ಬಿಡುವ ಮೊದಲೇ ಜೋಳದ ಹಿಟ್ಟು ಕಾದ ಹೆಂಚಿನ ಮೇಲೆ ಬೇಯುವ ವಾಸನೆ ಮೂಗಿಗೆ ಬರುತ್ತಿತ್ತು. ನಮ್ಮ ಮನೆಯ ಮುದ್ದೆ, ಬಸ್ಸಾರು ಆ ಕಡೆ ಹೋಗುತ್ತಿತ್ತು, ಅವರ ಮನೆಯ ರೊಟ್ಟಿ, ಶೇಂಗಾ ಚಟ್ನಿ ಈ ಕಡೆ ಬರುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಗಿರಿಜಾಳಿಗೆ ಅಜ್ಜಿಯೇ ಕಲಿಸಿದ್ದು. ಮೊದಲ ದಿನ ಅವಳು ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಸಿಕೊಂಡು ಕೂತಿದ್ದಳು.

ಆ ವರ್ಷ ಸಂಕ್ರಾಂತಿಗೆ ಮುಂಚೆ ಅಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿ ಜಡೆ ಹೆಣೆದುಕೊಳ್ಳಲೂ ಆಗುತ್ತಿರಲಿಲ್ಲ. ಇನ್ನು ನೀರು ಸೇದುವ ಹಾಗಿಲ್ಲ ಎಂದರು ಡಾಕ್ಟರು. ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ನಾಳೆಯಿಂದ ನಾನೇ ಸೇದುತ್ತೇನೆ ಎಂದು ಎರಡು ದಿನ ಬೇಗನೆ ಎದ್ದರು. ಎರಡು ದಿನವೂ ಅವರು ಹಿತ್ತಲಿಗೆ ಬರುವಷ್ಟರಲ್ಲಿ ನಮ್ಮ ಹಂಡೆ, ಕೊಡ, ತೊಟ್ಟಿ ಎಲ್ಲವೂ ತುಂಬಿದ್ದವು. ಕಾಕು ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಎರಡು ಮನೆಯ ನೀರನ್ನೂ ಅವರೇ ಸೇದಿದರು. ಅಮ್ಮ ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತ ಅವರೊಡನೆ ಮಾತಾಡುತ್ತಿದ್ದರು. ಮಾತಾಡುವಾಗಲೂ ಅಮ್ಮನ ಕಣ್ಣು ಕಾಕುವಿನ ಅಂಗೈ ಮೇಲೆಯೇ ಇರುತ್ತಿತ್ತು.

ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಅಪ್ಪ ಬಾವಿಗೆ ಮೋಟಾರು ಹಾಕಿಸುವ ನಿರ್ಧಾರ ಮಾಡಿದರು. ಆದರೆ ನೀರು ಮೇಲೆತ್ತಿ ತುಂಬಿಸಿಡಲು ಜಾಗವಿರಲಿಲ್ಲ. ಹೆಂಚಿನ ಸೂರಿನ ಮೇಲೆ ಟ್ಯಾಂಕು ಕೂರುವುದಿಲ್ಲ, ಶೀಟಿನ ಮೇಲಂತೂ ಕಾಗೆ ಕೂತರೂ ಸದ್ದಾಗುತ್ತಿತ್ತು. ಆಗ ಪ್ರೆಶರ್ ಟ್ಯಾಂಕಿನ ಮಾತು ತೆಗೆದವನು ಕೆಂಪಣ್ಣ. ನಮ್ಮೂರಿನವನೇ, ಕೊಳಾಯಿ ಕೆಲಸದವನು. ಅದು ನೆಲದ ಮೇಲೆಯೇ ಕೂರುವ ಕಬ್ಬಿಣದ ಟ್ಯಾಂಕು, ಒಳಗೊಂದು ರಬ್ಬರಿನ ಚೀಲ ಇರುತ್ತದೆ, ಮೋಟಾರು ಚೀಲಕ್ಕೆ ನೀರು ತುಂಬುತ್ತದೆ, ಚೀಲದ ಸುತ್ತ ಅಮುಕಿಟ್ಟ ಗಾಳಿ ಆ ನೀರನ್ನು ನಲ್ಲಿಗೆ ದೂಡುತ್ತದೆ ಎಂದು ಅವನು ನೆಲದ ಮೇಲೆ ಬರೆದು ತೋರಿಸಿದ. ಗಿರಿಜಾ, ನಾನು ಕುಂಟೆಬಿಲ್ಲೆ ನಿಲ್ಲಿಸಿ ಬಂದು ಕೇಳಿದೆವು. ನೀರನ್ನು ಗಾಳಿ ದೂಡುತ್ತದೆ ಎನ್ನುವುದನ್ನು ನಂಬಲು ನಮಗೆ ಕಷ್ಟವಾಯಿತು.

“ಆದ್ರೆ ಸಾಮಿ, ಸಣ್ಣದು ತರಬ್ಯಾಡಿ,” ಎಂದ ಕೆಂಪಣ್ಣ. “ಟ್ಯಾಂಕು ನೋಡಕ್ಕೆ ದೊಡ್ಡದಿರ್ತದೆ, ಒಳಗೆ ಅರ್ಧಕ್ಕಿಂತ ಜಾಸ್ತಿ ಗಾಳಿನೇ. ಸಣ್ಣದಾದ್ರೆ ಒಂದು ಚೊಂಬು ಇಡ್ಕಂಡ್ರೂ ಮೋಟ್ರು ಸುರುವಾಯ್ತದೆ. ಇಂಗೇ ಆಗ್ತಾ ಇದ್ರೆ ವರ್ಸದೊಳಗೆ ಸುಟ್ಟೋಯ್ತದೆ. ಎಷ್ಟು ಜನ ಬಳಸ್ತೀರ ಅಂತ ನೋಡ್ಕಂಡು ತಗಳಿ.”

ಮುಂದಿನ ಶನಿವಾರ ಅಪ್ಪ ನನ್ನನ್ನೂ ಕರೆದುಕೊಂಡು ಯಶವಂತಪುರಕ್ಕೆ ಹೊರಟರು. ಗಿರಿಜಾಳೂ ಬರಲಿ ಎಂದೆ. ಬೇಡ, ಇವತ್ತು ನಾವಿಬ್ಬರೇ ಎಂದರು. ಅಪ್ಪ ಹಾಗೆ ಹೇಳುವವರಲ್ಲ. ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದ್ದರಿಂದ ಅದನ್ನು ಅಲ್ಲಿಗೇ ಮರೆತೆ.

ಅಂಗಡಿಯೊಳಗೆ ಗ್ರೀಸು, ರಬ್ಬರು ಸೇರಿದ ವಾಸನೆ. ಗೋಡೆಗೆ ಒರಗಿಸಿ ನೀಲಿ ಬಣ್ಣದ ಟ್ಯಾಂಕುಗಳನ್ನು ನಿಲ್ಲಿಸಿದ್ದರು. ಚಿಕ್ಕದು ನನ್ನ ಮೊಣಕಾಲುದ್ದ, ದೊಡ್ಡದು ನನ್ನ ಎದೆಯುದ್ದ. ಅಂಗಡಿಯವರು ಅವಸರದವರಲ್ಲ. ಬಾವಿ ಎಷ್ಟು ಆಳ, ನಲ್ಲಿ ಎಷ್ಟು, ಬೆಳಿಗ್ಗೆ ಒಂದೇ ಹೊತ್ತಿಗೆ ಎಷ್ಟು ನಲ್ಲಿ ತಿರುಗಿಸುತ್ತೀರಿ ಎಂದೆಲ್ಲ ಕೇಳಿದರು. ಕೊನೆಗೆ, “ಮನೇಲಿ ಎಷ್ಟು ಜನ ಸಾರ್?” ಎಂದರು.

“ಐದು ಜನ,” ಎಂದರು ಅಪ್ಪ.

ಅಪ್ಪ ಮರೆತಿದ್ದಾರೆ ಎಂದುಕೊಂಡೆ. “ಒಂಬತ್ತು ಜನ ಅಪ್ಪ,” ಎಂದೆ.

ಅಂಗಡಿಯವರು ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಐದಕ್ಕೂ ಒಂಬತ್ತಕ್ಕೂ ಬೇರೆ ಬೇರೆ ಟ್ಯಾಂಕು, ಸರಿಯಾಗಿ ಹೇಳಿ ಎಂದರು. ಅಪ್ಪ ಚಿಕ್ಕ ಟ್ಯಾಂಕಿನ ಮೇಲೆ ಇಟ್ಟಿದ್ದ ಕೈ ತೆಗೆದರು. ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ನನ್ನ ಕೈ ಹಿಡಿದು ಹೊರಗೆ ಬಂದರು.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನನಗೆ ಕಡಲೆಕಾಯಿ ಕೊಡಿಸಿದರು. ರೈಲು ತಡವಿತ್ತು. ಅಲ್ಲೇ ವಿಷಯ ಹೇಳಿದರು. ಗಿರಿಜಾಳ ಅಪ್ಪನ ಕಾರ್ಖಾನೆಯವರು ಧಾರವಾಡದಲ್ಲಿ ಇನ್ನೊಂದು ಶಾಖೆ ತೆರೆಯುತ್ತಿದ್ದಾರೆ, ಅಲ್ಲಿಗೆ ಹಾಕಿ ಎಂದು ಅವಳ ಅಪ್ಪನೇ ಕೇಳಿಕೊಂಡಿದ್ದಾರೆ, ಸ್ಕೂಲು ಶುರುವಾಗುವ ಮುಂಚೆ ಮನೆ ಖಾಲಿ ಮಾಡುತ್ತಾರೆ. ದೊಡ್ಡವರಿಗೆಲ್ಲ ಗೊತ್ತು, ಗಿರಿಜಾಳಿಗೆ ಮಾತ್ರ ಗೊತ್ತಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದಾಗ ಅವಳು ವಾರವಿಡೀ ಜ್ವರದಲ್ಲಿ ಮಲಗಿದ್ದಳಂತೆ. ಅದಕ್ಕೇ ಕೊನೆಗೆ ಹೇಳಿದರಾಯಿತು ಅಂತ ಕಾಕುವಿನ ಇಚ್ಛೆ.

“ನೀನು ಹೇಳಬಾರ್ದು ಸುಮಿ,” ಎಂದರು ಅಪ್ಪ. “ಅದು ಅವರಪ್ಪ ಅಮ್ಮ ಹೇಳಬೇಕಾದ ಮಾತು.”

ಹೂಂ ಎಂದೆ. ಕಡಲೆಕಾಯಿ ಪೊಟ್ಟಣವನ್ನು ಬಿಚ್ಚಲೇ ಇಲ್ಲ.

ಅಂದು ಊಟದ ಹೊತ್ತಿನಲ್ಲಿ ಅಪ್ಪ ಅಮ್ಮನಿಗೆ ಅಂಗಡಿಯಲ್ಲಿ ಆದದ್ದನ್ನು ಹೇಳಿದರು. ನಮ್ಮ ಮನೆಗಷ್ಟೇ ಚಿಕ್ಕದು ಸಾಕು, ಆ ಮನೆಗೆ ಪೈಪು ಎಳೆಯುವುದು ಮುಂದೆ ಯಾರು ಬರುತ್ತಾರೋ ನೋಡಿಕೊಂಡು ಎನ್ನುವುದು ಅವರ ಯೋಚನೆ. ಅಮ್ಮ ಎಡಗೈಯಿಂದ ಸಾರು ಬಡಿಸುತ್ತಿದ್ದವರು ಸೌಟನ್ನು ಪಾತ್ರೆಗೆ ಹಾಕಿ ಕೂತರು. ದೊಡ್ಡದೇ ತರಬೇಕು, ಮೊದಲ ನಲ್ಲಿ ಶೀಟಿನ ಮನೆಯ ಅಡುಗೆಕೋಣೆಯಲ್ಲೇ ಕೂರಬೇಕು ಎಂದರು. ಇನ್ನು ಇಪ್ಪತ್ತು ದಿನಕ್ಕೆ ಅಷ್ಟೆಲ್ಲ ಯಾಕೆ ಎಂದು ಅಪ್ಪ ಮೆಲ್ಲಗೆ ಕೇಳಿದರು. ಅಮ್ಮ ಮತ್ತೆ ಸೌಟು ಕೈಗೆತ್ತಿಕೊಂಡರು. ಅಜ್ಜಿ, ಅವಳು ಹೇಳಿದ ಹಾಗೆ ಮಾಡು ಎಂದರು. ಅಲ್ಲಿಗೆ ಮಾತು ಮುಗಿಯಿತು.

ದೊಡ್ಡ ಟ್ಯಾಂಕು ಬಂತು. ಕೆಂಪಣ್ಣ ಅದನ್ನು ಬಾವಿಯ ಪಕ್ಕ ಇಟ್ಟಿಗೆಕಟ್ಟೆಯ ಮೇಲೆ ಕೂರಿಸಿದ. ಕೆಳಗಿನ ವಾಲ್ವಿಗೆ ಸೈಕಲ್ ಪಂಪು ಹಚ್ಚಿ ಟೈರಿಗೆ ಹೊಡೆದ ಹಾಗೆಯೇ ಗಾಳಿ ಹೊಡೆದ. ಗಿರಿಜಾ, ನಾನು ಸರದಿಯಂತೆ ಪಂಪು ಒತ್ತಿದೆವು. ಮೋಟಾರು ಗುಂಯ್ ಎಂದು ತಿರುಗಿ ಮೀಟರಿನ ಮುಳ್ಳು ಮೇಲೇರಿತು, ಟಕ್ ಎಂದು ಮೋಟಾರು ತಾನಾಗಿಯೇ ನಿಂತಿತು. ಶೀಟಿನ ಮನೆಯ ಅಡುಗೆಕೋಣೆಗೆ ಗಿರಿಜಾ ಓಡಿದಳು. ಹಿತ್ತಾಳೆಯ ನಲ್ಲಿ ತಿರುಗಿಸಿದಳು. ನೀರು ರಭಸದಿಂದ ಬಂದು ಅವಳ ಲಂಗವನ್ನೆಲ್ಲ ತೋಯಿಸಿತು.

“ಸುಮಾ, ನಮ್ಮ ಮನೀಗೂ ನಳ ಬಂತು,” ಎಂದಳು. “ಇನ್ನ ನಾವು ಇಲ್ಲೇ ಇರತೀವಿ. ಇಲ್ಲಾಂದ್ರ ಯಾಕ ಹಾಕಿಸ್ತಿದ್ರು?”

ನಾನು ನಲ್ಲಿ ನಿಲ್ಲಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಬಚ್ಚಲ ನೀರು ಹರಿದು ಹೋಗುವ ಕಡೆ ಅವಳು ಚೆಂಡುಹೂವಿನ ಬೀಜ ಹಾಕಿದಳು. ದಸರೆಗೆ ಹೂ ಬಿಡುತ್ತವೆ, ಎರಡು ಮನೆಯ ಬಾಗಿಲಿಗೂ ಸಾಕಾಗುತ್ತದೆ ಎಂದು ಲೆಕ್ಕ ಹಾಕಿದಳು. ನಾನೂ ಅವಳ ಜೊತೆ ಕೂತು ಮಣ್ಣು ಕೆದಕಿದೆ. ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಅಪ್ಪನಿಗೆ ಹೂಂ ಅಂದಿದ್ದೇನಲ್ಲ ಎಂದು ಹತ್ತು ಸಲವೂ ಸುಮ್ಮನಾಗುತ್ತಿದ್ದೆ. ಆ ಬೇಸಿಗೆಯಲ್ಲಿ ಮಾವಿನಹಣ್ಣು ನನಗೆ ರುಚಿಸಲಿಲ್ಲ. ಏನಾಯ್ತೇ ನಿನಗೆ ಎಂದು ಅಜ್ಜಿ ಹಣೆ ಮುಟ್ಟಿ ನೋಡುತ್ತಿದ್ದರು.

ಬೀಜ ಮೊಳೆತ ಎರಡು ಮೂರು ದಿನಕ್ಕೆ ಇರಬೇಕು. ನಾವಿಬ್ಬರೂ ಶೀಟಿನ ಮನೆಯ ಹೊರಗೆ ನೆರಳಲ್ಲಿ ಚೌಕಾಬಾರ ಆಡುತ್ತಿದ್ದೆವು. ಒಳಗೆ ಅಮ್ಮ, ಕಾಕು ಸಂಡಿಗೆ ಹಿಟ್ಟು ತಿರುವುತ್ತಿದ್ದರು. ಇದ್ದಕ್ಕಿದ್ದಂತೆ ಕಾಕು ಅಳುವ ಸದ್ದು ಕೇಳಿತು.

“ಹೋಗೋ ಮಂದಿಗೆ ಯಾಕ ಹಾಕಿಸಿದ್ರಿ ಅಕ್ಕಾರ, ಈ ನಳ?”

ಅಮ್ಮನ ದನಿ ಎಂದಿನಂತೆಯೇ ಇತ್ತು. “ಇಷ್ಟು ತಿಂಗಳು ನನ್ನ ಮನೆ ನೀರು ನೀನು ಸೇದಿದ್ದೀಯ ಕಣಮ್ಮ. ಇರೋಷ್ಟು ದಿನ ಆದ್ರೂ ನಿನ್ನ ಕೈಗೆ ಹಗ್ಗ ಬೇಡ.”

ಗಿರಿಜಾಳ ಮುಷ್ಟಿಯೊಳಗೆ ಕವಡೆಗಳಿದ್ದವು. ಅವುಗಳನ್ನು ಹಾಕಲಿಲ್ಲ. ನನ್ನನ್ನೇ ನೋಡಿದಳು. ನಾನು ಆಶ್ಚರ್ಯಪಟ್ಟವಳಂತೆ ಮುಖ ಮಾಡಬೇಕಿತ್ತು, ಅದು ನನಗೆ ಹೊಳೆಯಲಿಲ್ಲ.

“ನಿನಗ ಗೊತ್ತಿತ್ತೇನ?” ಎಂದಳು.

ಹೌದೆಂದು ತಲೆಯಾಡಿಸಿದೆ.

ಅವಳು ಕವಡೆಗಳನ್ನು ನೆಲದ ಮೇಲೆ ಒಂದೊಂದಾಗಿ ಇಟ್ಟು ಎದ್ದು ಹೋದಳು. ಆಮೇಲೆ ಉಳಿದದ್ದು ಒಂಬತ್ತು ದಿನ. ಒಂಬತ್ತು ದಿನವೂ ನನ್ನೊಡನೆ ಮಾತಾಡಲಿಲ್ಲ. ನಾನು ಹೋದರೆ ತಮ್ಮನನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಹೋಗುವ ದಿನ ಸಾಮಾನು ತುಂಬಿದ ಟೆಂಪೋದ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದ್ದರು. ಅಮ್ಮ ಕಾಕುವಿನ ಎರಡೂ ಕೈ ಹಿಡಿದುಕೊಂಡು ನಿಂತಿದ್ದರು. ನಾನು ಟೆಂಪೋದ ಬಾಗಿಲ ಹತ್ತಿರ ಹೋಗಿ ‘ಗಿರಿಜಾ’ ಎಂದೆ. ಅವಳು ರಸ್ತೆಯ ಆಚೆಗೆ ನೋಡುತ್ತಿದ್ದಳು, ತಿರುಗಲಿಲ್ಲ.

ಎರಡು ಇನ್‌ಲ್ಯಾಂಡ್ ಕಾಗದ ಬರೆದೆ. ಉತ್ತರ ಬರಲಿಲ್ಲ. ಟ್ಯಾಂಕು ಮುಂದೆ ಎಷ್ಟೋ ವರ್ಷ ಕೆಲಸ ಮಾಡಿತು. ಶೀಟಿನ ಮನೆಗೆ ಬೇರೆಯವರು ಬಂದರು, ಒಳ್ಳೆಯವರೇ. ಹಿತ್ತಲಿನ ಮಾತು ಮಾತ್ರ ನಿಂತುಹೋಯಿತು. ನೀರು ತಾನಾಗಿಯೇ ಒಳಗೆ ಬರುವಾಗ ಬಾವಿಯ ಬಳಿಗೆ ಬರಲು ಯಾರಿಗೂ ಕಾರಣವಿರಲಿಲ್ಲ. ಕೆಲ ವರ್ಷಗಳಲ್ಲಿ ಬಾವಿಯ ನೀರೂ ಇಳಿಯಿತು, ಮೇಲೆ ಚಪ್ಪಡಿ ಮುಚ್ಚಿದರು. ಈಗ ಆ ಜಾಗದಲ್ಲಿ ತಮ್ಮ ಕಟ್ಟಿಸಿದ ಮೂರಂತಸ್ತಿನ ಮನೆ ಇದೆ. ನಾನು ಇದೇ ಬೆಂಗಳೂರಿನ ಅಟ್ಟೂರಿನಲ್ಲಿದ್ದೇನೆ, ಅಪಾರ್ಟ್‌ಮೆಂಟಿನಲ್ಲಿ. ನಾಲ್ಕನೇ ಮಹಡಿ, ಟ್ಯಾಂಕರ್ ನೀರು. ಎದುರು ಮನೆಯವರು ಪ್ರತಿದಿನ ಲಿಫ್ಟಿನಲ್ಲಿ ಸಿಗುತ್ತಾರೆ, ನಗುತ್ತಾರೆ. ಅವರ ಮನೆಯಲ್ಲಿ ಏನು ಅಡುಗೆಯೋ ನನಗೆ ಗೊತ್ತಿಲ್ಲ.

ಹೋದ ವರ್ಷ ಗಿರಿಜಾಳ ನಂಬರು ಸಿಕ್ಕಿತು. ಅವಳ ಅಪ್ಪನ ಜೊತೆ ಪೀಣ್ಯದಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಮದುವೆಮನೆಯಲ್ಲಿ ಕೊಟ್ಟರು. ವಾರವೆಲ್ಲ ಯೋಚಿಸಿ ಒಂದು ಭಾನುವಾರ ಫೋನು ಮಾಡಿದೆ. ಹೆಸರು ಹೇಳಿದ ಮೇಲೆ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಬೆಳಗಾವಿಯಲ್ಲಿ ಟೀಚರಂತೆ, ಇಬ್ಬರು ಮಕ್ಕಳಂತೆ. ಕಾಕು ತೀರಿಕೊಂಡು ಎರಡು ವರ್ಷವಾಯಿತಂತೆ. ಕೊನೆಯವರೆಗೂ ನನ್ನ ಅಮ್ಮನ ಹೆಸರು ಹೇಳುತ್ತಿದ್ದರಂತೆ. ಆಮೇಲೆ ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಅಂದು ಗೊತ್ತಿದ್ದೂ ಹೇಳಲಿಲ್ಲ, ನೀವು ಮಾತು ಬಿಟ್ಟದ್ದು ಅದಕ್ಕೇ, ಬೇಸರ ಮಾಡಿಕೊಳ್ಳಬೇಡಿ ಎಂದೆ.

ಅವಳು ನೆನಪಿಸಿಕೊಳ್ಳಲು ನೋಡಿದಳು.

“ನಾ ಮಾತು ಬಿಟ್ಟಿದ್ನೇನ್ರಿ?” ಎಂದು ನಕ್ಕಳು. “ನನಗ ಅದೊಂದೂ ನೆನಪಿಲ್ರಿ. ನೀವು ಇಷ್ಟು ದಿನ ಅದನ್ನ ಇಟ್ಕೊಂಡು ಕೂತಿದ್ರೇನು?”

ನಾನೂ ನಕ್ಕೆ. ಈ ಕಡೆ ಬಂದರೆ ಮನೆಗೆ ಬನ್ನಿ ಎಂದೆ. ಖಂಡಿತ ಬರ್ತೀವ್ರಿ ಎಂದಳು. ಫೋನು ಇಟ್ಟ ಮೇಲೆ ತಿಳಿಯಿತು, ಅಷ್ಟು ಹೊತ್ತೂ ನಾವಿಬ್ಬರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸಿದ್ದೆವು.