ಮಾಲಿಕರ ಸಹಿ

ಕಾಸರಗೋಡಿನ ಆ ಅಂಗಡಿಯಿಂದ ನಾನು ಮೊದಲ ಸಲ ಹೊರಗೆ ಬಂದದ್ದು ಸಿಟ್ಟಿನಲ್ಲಿ. ಕಾರಿಗೆ ಇಮ್ಮೊಬಿಲೈಸರ್ ಹಾಕಿಸುವ ವಿಷಯ ಮಾತಾಡಲು ಹೋಗಿದ್ದೆ. ಕೈಯಲ್ಲಿ ಕೀ ಇದ್ದರೂ, ಅವರು ಕೊಡುವ ಸಣ್ಣ ಟ್ಯಾಗ್ ಹತ್ತಿರ ಇಲ್ಲದಿದ್ದರೆ ಇಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ ಅದು. ಕಳ್ಳರ ಭಯ ಇದ್ದವರು ಹಾಕಿಸುತ್ತಾರೆ. ನಮ್ಮ ಹಳೇ ಕಾರನ್ನು ಕದಿಯುವಷ್ಟು ಗತಿಗೆಟ್ಟ ಕಳ್ಳ ನಮ್ಮೂರು ಪೆರ್ಲದಲ್ಲಿ ಇರಲಿಕ್ಕಿಲ್ಲ. ನನಗಿದ್ದದ್ದು ಅಪ್ಪನ ಭಯ.

ಅಪ್ಪ ಮೂವತ್ತು ವರ್ಷ ದೇಲಂಪಾಡಿ ಕಡೆ ಸರ್ವಿಸ್ ಜೀಪು ಓಡಿಸಿದವರು. ಬಸ್ಸು ಹೋಗದ ಕಡೆಗೆಲ್ಲ ಜನ ತುಂಬಿಸಿಕೊಂಡು ಹೋಗುವುದು ಅವರ ಕೆಲಸವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಜೀಪು ಮಾರಿ, ಪೆರ್ಲದಲ್ಲಿ ನನ್ನ ಜೊತೆ ಇರಲು ಬಂದು, ತಮ್ಮ ಹೆಸರಿನಲ್ಲೇ ಈ ಬಿಳಿ ಕಾರು ಕೊಂಡರು. ಎರಡು ವರ್ಷಗಳಿಂದ ಅವರಿಗೆ ಮರೆವು. ಮೊದಮೊದಲು ಊಟ ಮಾಡಿದ್ದನ್ನು ಮರೆಯುತ್ತಿದ್ದರು. ಆಮೇಲೆ ಜೀಪು ಮಾರಿದ್ದನ್ನೇ ಮರೆತರು. ಬೆಳಿಗ್ಗೆ ಹೆಗಲಿಗೆ ಟವೆಲು ಹಾಕಿಕೊಂಡು "ಟ್ರಿಪ್ಪಿಗೆ ಹೊತ್ತಾಯ್ತು" ಎಂದು ಹೊರಟೇ ಬಿಡುತ್ತಿದ್ದರು. ಒಮ್ಮೆ ಗೇಟಿನ ಹೊರಗೆ ಸೈಕಲಿನವನೊಬ್ಬ ಕೂದಲೆಳೆಯಲ್ಲಿ ಪಾರಾದ.

ಡಾಕ್ಟರು ಕೀ ಅಡಗಿಸಿಡಿ ಅಂದರು. ಡಾಕ್ಟರಿಗೆ ಜೀಪಿನವರ ವಿಷಯ ಗೊತ್ತಿಲ್ಲ. ಜೀಪಿನವರು ಒಂದೇ ಕೀಯನ್ನು ನಂಬಿ ಬದುಕುವವರಲ್ಲ. ಅಪ್ಪ ಮಾಡಿಸಿಟ್ಟ ನಕಲು ಕೀಗಳಲ್ಲಿ ಒಂದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು, ಒಂದು ಬಂಪರಿನ ಅಡಿಯಲ್ಲಿ ತಂತಿ ಕಟ್ಟಿಕೊಂಡು ನೇತಾಡುತ್ತಿತ್ತು. ಇನ್ನೆಷ್ಟು ಇದ್ದವೋ. ಊಟ ಮರೆಯುವವರಿಗೆ ಕೀ ಇಟ್ಟ ಜಾಗ ಮಾತ್ರ ಮರೆಯುತ್ತಿರಲಿಲ್ಲ. ಕಾರು ಮಾರುವ ಹಾಗೂ ಇರಲಿಲ್ಲ. ಬಂದ್ಯೋಡಿನ ಲ್ಯಾಬಿನಲ್ಲಿ ನನ್ನ ಕೆಲಸಕ್ಕೂ, ಮಂಗಳೂರಿನ ಆಸ್ಪತ್ರೆಗೆ ಅಪ್ಪನನ್ನು ಕರೆದೊಯ್ಯಲಿಕ್ಕೂ ಅದೇ ಬೇಕು.

ಲ್ಯಾಬಿನವಳಾದ್ದರಿಂದ ನನಗೆ ಸರ್ಟಿಫಿಕೇಟಿನ ಹುಚ್ಚು ಸ್ವಲ್ಪ ಜಾಸ್ತಿ. ಸಾಧನ ತಯಾರಿಸುವ ಕಂಪೆನಿಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರು ಯಾರಿದ್ದಾರೆಂದು ಹುಡುಕಿದೆ. ಕಾಸರಗೋಡಿನ ಆ ಅಂಗಡಿಯವನು ಇದ್ದ. ಹೋಗಿ ಗೋಡೆಯ ಮೇಲಿನ ಸರ್ಟಿಫಿಕೇಟಿನ ಹೆಸರು, ಅವಧಿ ಎಲ್ಲ ಓದಿದೆ. ವಯರು ಸುಮ್ಮನೆ ತಿರುಚಿ ಟೇಪು ಸುತ್ತುತ್ತೀರೋ, ಬೆಸುಗೆ ಹಾಕುತ್ತೀರೋ ಎಂದು ಕೇಳಿದೆ. ಅವನಿಗೆ ರೇಗಲಿಲ್ಲ. ತಾನು ಹಾಕಿದ ಒಂದು ಜೋಡಣೆಯನ್ನು ತೆರೆದೇ ತೋರಿಸಿದ. ತಾನು ಸ್ಟಾರ್ಟರನ್ನೂ ಇಂಜಿನಿಗೆ ಪೆಟ್ರೋಲ್ ಕಳಿಸುವ ಪಂಪನ್ನೂ, ಎರಡನ್ನೂ ತಡೆಯುತ್ತೇನೆ ಎಂದ. ಒಳ್ಳೆಯವನು ಸಿಕ್ಕಿದ ಎಂದು ನಾನು ಖುಷಿಯಲ್ಲಿದ್ದೆ.

"ಆರ್‌ಸಿ ಯಾರ ಹೆಸರಲ್ಲಿ ಉಂಟು?" ಎಂದು ಕೇಳಿದ.

"ಅಪ್ಪಂದು."

"ಹಾಗಾದ್ರೆ ಅಪ್ಪ ಬರ್ಬೇಕು. ಮಾಲಿಕರಿಗೆ ತೋರಿಸಿ, ಅವರ ಸಹಿ ತಕೊಂಡೇ ನಾವು ಟ್ಯಾಗ್ ಕೊಡುದು."

ಅಪ್ಪನಿಗೆ ಮರೆವು, ಅವರಿಗೆ ಗೊತ್ತಾಗಬಾರದು ಎಂದು ವಿವರಿಸಿದೆ. ಅವನು ನಾನು ಹೇಳಿದ್ದನ್ನೆಲ್ಲ ಕೇಳಿ, "ಮರೆವು ಇದ್ರೂ ಗಾಡಿ ಅವರದ್ದೇ ಅಲ್ವಾ ಅಕ್ಕ? ಗೊತ್ತಿಲ್ಲದ ಹಾಗೆ ನಾವು ಮಾಡುದಿಲ್ಲ" ಎಂದ.

ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆಯ ಕಷ್ಟ ಇವನಿಗೇನು ಗೊತ್ತು ಎಂದುಕೊಂಡೆ. ಸತ್ಯ ಹೇಳಬೇಕೆಂದರೆ ನನಗೆ ಆ ಸಹಿಯ ಬಗ್ಗೆ ತಕರಾರು ಇರಲಿಲ್ಲ. ಮೂವತ್ತು ವರ್ಷ ಒಂದು ಕೋಳಿಯನ್ನೂ ಚಕ್ರದ ಅಡಿಗೆ ಹಾಕದ ಮನುಷ್ಯನ ಎದುರು ಕುಳಿತು, ಇನ್ನು ನೀವು ಗಾಡಿ ಮುಟ್ಟಬಾರದು ಎಂದು ಹೇಳುವ ಧೈರ್ಯ ಇರಲಿಲ್ಲ. ಅಂಜುಬುರುಕಿ ನಾನು. ಸಿಟ್ಟು ಮಾಡಿಕೊಂಡರೆ ಅದು ಹೊರಗೆ ಕಾಣುವುದಿಲ್ಲ, ಅಷ್ಟೇ.

ಪೆರ್ಲದ ವಯರಿಂಗಿನವನು ಏನೂ ಕೇಳಲಿಲ್ಲ. ಪರಿಚಯದವನು, ಅಪ್ಪನ ಜೀಪಿಗೂ ಹಾರ್ನು ಹಾಕಿಕೊಟ್ಟವನು. "ಅಷ್ಟೇ ಅಲ್ವಾ ಅಕ್ಕ, ಅಪ್ಪ ಮಲಗಿದ ಹೊತ್ತಿಗೆ ಫೋನ್ ಮಾಡಿ" ಎಂದ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಬಂದು, ಸ್ಟಾರ್ಟರಿಗೆ ಹೋಗುವ ವಯರನ್ನು ಕತ್ತರಿಸಿ, ಸೀಟಿನ ಅಡಿಯಲ್ಲಿ ಕಾಣದ ಹಾಗೆ ಒಂದು ಸ್ವಿಚ್ಚು ಇಟ್ಟು, ಚಹಾ ಕುಡಿದು ಹೋದ. ಸ್ವಿಚ್ಚು ಆಫ್ ಇದ್ದರೆ ಕೀ ತಿರುಗಿಸಿದರೂ ಸದ್ದೇ ಇಲ್ಲ. ಅವನ ಕೈಯಲ್ಲಿ ಸರ್ಟಿಫಿಕೇಟು ಉಂಟಾ ಎಂದು ನಾನು ಆ ದಿನ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕಾರಿನಲ್ಲಿ ಕುಳಿತು ಕೀ ತಿರುಗಿಸಿದರು. ಏನೂ ಆಗಲಿಲ್ಲ.

"ಇದಕ್ಕೆ ಎಂತಾಯ್ತು ಮಾರಾಯ್ತಿ?"

"ಬ್ಯಾಟರಿ ಹೋಗಿದೆ ಅಪ್ಪ. ಹೊಸತು ಬರ್ಲಿಕ್ಕುಂಟು" ಎಂದೆ.

ಅಪ್ಪ ತಲೆ ಆಡಿಸಿ ಇಳಿದು ಬಂದರು. ಎಷ್ಟು ಸುಲಭವಾಯಿತು ಎಂದು ನನಗೆ ಒಳಗೊಳಗೇ ಹೆಮ್ಮೆ. ಎಂಟು ದಿನ ಅದೇ ಪ್ರಶ್ನೆ, ಅದೇ ಸುಳ್ಳು.

ಒಂಬತ್ತನೆಯ ದಿನ ಭಾನುವಾರ. ನಾನು ಸ್ನಾನ ಮುಗಿಸಿ ಬರುವಾಗ ಅಂಗಳದಲ್ಲಿ ಕಾರು ಇರಲಿಲ್ಲ.

ಬ್ಯಾಟರಿ ಹೋದರೆ ಜೀಪಿನವನು ಏನು ಮಾಡುತ್ತಾನೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಆ ಕಾಲದ ಜೀಪುಗಳ ಬ್ಯಾಟರಿ ಯಾವತ್ತು ಸರಿ ಇತ್ತು? ಅದಕ್ಕೇ ಅವರೆಲ್ಲ ಗಾಡಿಯನ್ನು ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಬ್ರೇಕು ಬಿಟ್ಟು, ಉರುಳುವಾಗ ಗೇರು ಹಾಕಿ ಕ್ಲಚ್ಚು ಬಿಟ್ಟರೆ ಇಂಜಿನ್ ಎದ್ದುಬಿಡುತ್ತದೆ. ಅದಕ್ಕೆ ಸ್ಟಾರ್ಟರಿನ ಹಂಗಿಲ್ಲ. ನಮ್ಮ ಅಂಗಳವೂ ಇಳಿಜಾರು. ಕಾರನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸು ಎಂದು ಅಪ್ಪ ದಿನಾ ಗದರುತ್ತಿದ್ದರು, ನಾನು ಹಾಗೆಯೇ ನಿಲ್ಲಿಸುತ್ತಿದ್ದೆ. ಕೈಗಳಿಗೆ ಗೊತ್ತಿದ್ದ ಆ ಕೆಲಸವನ್ನು ಅವರು ಮರೆತಿರಲಿಲ್ಲ. ನನ್ನ ಸುಳ್ಳೇ ಅದನ್ನು ನೆನಪು ಮಾಡಿಕೊಟ್ಟಿತ್ತು.

ಮಧ್ಯಾಹ್ನಕ್ಕೆ ಮುಂಚೆ ಫೋನ್ ಬಂತು. ದೇಲಂಪಾಡಿಯ ಕಾಡಿನ ಅಂಚಿನ ತಿರುವಿನಲ್ಲಿ ಕಾರು ಚರಂಡಿಗೆ ಇಳಿದಿತ್ತು. ಅಪ್ಪ ಒಬ್ಬರೇ ಇರಲಿಲ್ಲ. ದಾರಿಯಲ್ಲಿ ನಿಂತಿದ್ದ ಒಬ್ಬ ಮುದುಕಿಯನ್ನು ಹತ್ತಿಸಿಕೊಂಡಿದ್ದರು. ಹಳೆಯ ಜೀಪಿನ ಅಣ್ಣ ಗಾಡಿ ನಿಲ್ಲಿಸಿದಾಗ ಹತ್ತದೆ ಇರುವವರು ಆ ಕಡೆ ಯಾರಿದ್ದಾರೆ? ಅಪ್ಪನಿಗೆ ಹಣೆಯ ಮೇಲೆ ಒಂದು ಗೀರು ಅಷ್ಟೇ. ಆಕೆಯ ಬಲಗೈ ಮಣಿಕಟ್ಟು ಮುರಿದಿತ್ತು. ನಾನು ಆಸ್ಪತ್ರೆಯಲ್ಲಿ ಆಕೆಯ ಎದುರು ಅತ್ತೇ ಬಿಟ್ಟೆ. "ಅವರದ್ದು ತಪ್ಪು ಎಂತ ಉಂಟು, ನಾನೇ ಹತ್ತಿದ್ದಲ್ವಾ" ಎಂದು ಆಕೆ ನನ್ನನ್ನೇ ಸಮಾಧಾನ ಮಾಡಿದರು. ಬೈದಿದ್ದರೆ ಒಳ್ಳೆಯದಿತ್ತು. ಅಪ್ಪ ಬೆಂಚಿನಲ್ಲಿ ಕುಳಿತು, ಈ ಹೆಂಗಸಿಗೆ ಏನಾಯಿತು ಎಂದು ನರ್ಸನ್ನು ಕೇಳುತ್ತಿದ್ದರು.

ಕಾರು ರಿಪೇರಿ ಆದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಸರಗೋಡಿಗೆ ಹೋದೆ. ಹೊರಡುವ ಮೊದಲೇ ಎಲ್ಲ ಹೇಳಿದ್ದೆ, ಸ್ವಿಚ್ಚಿನ ವಿಷಯವನ್ನೂ, ಬ್ಯಾಟರಿಯ ಸುಳ್ಳನ್ನೂ. ಅರ್ಧ ದಾರಿಗೆ ಮರೆತರು, ಮತ್ತೆ ಹೇಳಿದೆ. ಅಂಗಡಿಯವನು ನನ್ನ ಮುಖ ನೋಡಿ ಹಳೆಯದೇನನ್ನೂ ಕೆದಕಲಿಲ್ಲ. ಪೆರ್ಲದವನ ತಿರುಚಿದ ವಯರುಗಳನ್ನು ಬಿಚ್ಚಿ ತೆಗೆದ. ಅಪ್ಪನಿಗೆ ಒಂದು ಕುರ್ಚಿ ಹಾಕಿ, ಪ್ರತಿಯೊಂದನ್ನೂ ಅವರಿಗೇ ತೋರಿಸುತ್ತ ಕೆಲಸ ಮಾಡಿದ. ಅಪ್ಪ ನೇರ ಕುಳಿತಿದ್ದರು. ಬಹಳ ದಿನಗಳ ಮೇಲೆ ಯಾರೋ ಅವರ ಹತ್ತಿರ ಗಾಡಿಯ ವಿಷಯ ಮಾತಾಡುತ್ತಿದ್ದರು.

"ಉರುಳಿಸಿದ್ರೆ?" ಎಂದು ಅಪ್ಪ ಕೇಳಿದರು.

"ಉರುಳಿಸಿದ್ರೂ ಆಗ್ಲಿಕ್ಕಿಲ್ಲ. ಪೆಟ್ರೋಲೇ ಬರುದಿಲ್ಲ."

ಅಪ್ಪ ಮೆಚ್ಚುಗೆಯಿಂದ ಹ್ಞೂಂ ಎಂದರು. ಅವನು ಅಂಗಿಯ ದೊಡ್ಡ ಗುಂಡಿಯಷ್ಟಿದ್ದ ಕಪ್ಪು ಟ್ಯಾಗನ್ನು ನನಗೆ ಕೊಡದೆ ಅಪ್ಪನ ಅಂಗೈಯಲ್ಲಿ ಇಟ್ಟು, "ಇದು ಯಾರ ಹತ್ರ ಇರ್ಬೇಕು, ನೀವು ಬರೀಬೇಕು" ಎಂದು ಕಾಗದ ಮುಂದಿಟ್ಟ. ಅಪ್ಪ ಪೆನ್ನು ಹಿಡಿದರು. ನಾನು ಗೋಡೆಯ ಸರ್ಟಿಫಿಕೇಟನ್ನು ಮತ್ತೊಮ್ಮೆ ಓದತೊಡಗಿದೆ. ಅವರು ಕನ್ನಡ ಅಕ್ಷರಗಳಲ್ಲಿ ನನ್ನ ಹೆಸರು ಬರೆದು, ಕೆಳಗೆ ಸಹಿ ಹಾಕಿ, ಟ್ಯಾಗನ್ನು ನನ್ನ ಕಡೆ ಸರಿಸಿದರು.

"ಮೊದಲೇ ಹೇಳಿದ್ರೆ ನಾನೇ ಬರ್ತಿದ್ದೆ" ಎಂದರು.

ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಈಗ ಆ ಕಾಗದದ ನಕಲೊಂದು ಪ್ಲಾಸ್ಟಿಕ್ ಕವರಿನೊಳಗೆ ಕಾರಿನಲ್ಲೇ ಇರುತ್ತದೆ. ಬೆಳಿಗ್ಗೆ ಟವೆಲು ಹೆಗಲಿಗೇರಿಸಿ ಅಪ್ಪ ಹೋಗಿ ಕುಳಿತುಕೊಳ್ಳುತ್ತಾರೆ. ಇನ್ನೂ ಎಲ್ಲಿಂದಲೋ ಒಂದು ಕೀ ಅವರಿಗೆ ಸಿಗುತ್ತದೆ. ತಿರುಗಿಸುತ್ತಾರೆ, ಏನೂ ಆಗುವುದಿಲ್ಲ, ನನ್ನನ್ನು ಕರೆಯುತ್ತಾರೆ. ನಾನು ಬ್ಯಾಟರಿಯ ಹೆಸರು ಎತ್ತುವುದಿಲ್ಲ. ಪಕ್ಕದಲ್ಲಿ ಕುಳಿತು ಕಾಗದ ಕೊಡುತ್ತೇನೆ. ನನ್ನ ಮಾತನ್ನು ಅವರು ನಂಬುವುದಿಲ್ಲ, ತಮ್ಮ ಸಹಿಯನ್ನು ನಂಬುತ್ತಾರೆ.

"ನಾನೇ ಒಪ್ಪಿದ್ದಾ?"

"ನೀವೇ ಅಪ್ಪ."

ದಿನಾ ಅವರಿಗೆ ಅದು ಹೊಸ ಸುದ್ದಿ. ಸ್ಟೀರಿಂಗಿನ ಮೇಲೆ ಕಾಗದ ಇಟ್ಟು ಮತ್ತೊಮ್ಮೆ ಓದುತ್ತಾರೆ. ಆಮೇಲೆ ಇಷ್ಟು ದೊಡ್ಡ ಒಪ್ಪಿಗೆಗೆ ಏನಾದರೂ ಕಾರಣ ಇರಲೇಬೇಕೆಂದು ಅವರಿಗೆ ಹೊಳೆಯುತ್ತದೆ. ನನ್ನ ಕಡೆ ತಿರುಗುತ್ತಾರೆ.

"ನನ್ನಿಂದ ಯಾರಿಗೂ ಪೆಟ್ಟಾಗ್ಲಿಲ್ಲ ಅಲ್ವಾ?"

ದೇಲಂಪಾಡಿಯ ಆ ಮುದುಕಿಗೆ ಇವತ್ತಿಗೂ ಬಲಗೈಯಲ್ಲಿ ಬಾವಿಯಿಂದ ನೀರು ಸೇದಲು ಆಗುವುದಿಲ್ಲ.

"ಇಲ್ಲ ಅಪ್ಪ" ಎನ್ನುತ್ತೇನೆ. ಅವರು ಇಳಿದು ಮನೆಯೊಳಗೆ ಹೋಗುತ್ತಾರೆ.